ಹುಬ್ಬಿನ ಮೇಲಿನ ಶಟಲ್

ಗೋಪಾಲಸಾಮಿಯವರ ಎಡಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಉಡುಮಲೈಪೇಟೆ ಸಂತೆಯಲ್ಲಿ ಕಳ್ಳನೊಬ್ಬನನ್ನು ಹಿಡಿಯುವಾಗ ಆದದ್ದು ಎಂದು ಮೊದಮೊದಲು ಹೇಳುತ್ತಿದ್ದರು. ಮಗನ ಕಾಲಕ್ಕೆ ಕಳ್ಳರು ಇಬ್ಬರಾದರು. ಮೊಮ್ಮಗಳು ಅಭಿನಯಾ ದೊಡ್ಡವಳಾಗುವಷ್ಟರಲ್ಲಿ ಮೂವರಾಗಿ, ಒಬ್ಬನ ಕೈಗೆ ಚೂರಿಯೂ ಬಂದಿತ್ತು. ನಿಜ ಗೊತ್ತಿದ್ದದ್ದು ಹೆಂಡತಿ ಜಾನಮ್ಮನಿಗೆ ಮಾತ್ರ. ಕತೆಯಲ್ಲಿ ಕಳ್ಳರು ಬಂದಾಗಲೆಲ್ಲ ಆಕೆ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಪಲ್ಲಡಂನ ಪವರ್‌ಲೂಮ್ ಶೆಡ್ಡುಗಳಲ್ಲಿ ನಲವತ್ತು ವರ್ಷ ನೇಯ್ದು ಮನೆಯಲ್ಲಿ ಕೂತ ಮೇಲೆ ಅವರಿಗೆ ಇಂಗ್ಲಿಷ್ ಪದಗಳ ಹುಚ್ಚು ಹಿಡಿಯಿತು. ಇಂಗ್ಲಿಷ್ ಬರುತ್ತಿತ್ತು ಅಂತಲ್ಲ. ಟೀ ಅಂಗಡಿಯಲ್ಲಿ ಕೂತು ಪದಗಳ ಹುಟ್ಟು ಹೇಳುವುದಕ್ಕೆ ಆ ಭಾಷೆ ಬರಲೇಬೇಕೆಂಬ ನಿಯಮವೇನೂ ಇಲ್ಲವಲ್ಲ.

ಅಭಿನಯಾಳ ಶಾಲೆಯಲ್ಲಿ ಒಬ್ಬೊಬ್ಬರೂ ಒಂದು ಇಂಗ್ಲಿಷ್ ಪದದ ಕತೆ ಹೇಳಬೇಕು, ಮನೆಯ ಹಿರಿಯರು ಜೊತೆಗೆ ಬರಬಹುದು ಎಂದಾಯಿತು.

"ಶಟಲ್ ತಗೋ, ನನ್ನ ಕಣ್ಣು," ಎಂದರು ತಾತ. "ನಮ್ಮ ಲಾಳಿ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುತ್ತಲ್ಲ, ಅದನ್ನ ನೋಡೇ ಹೋಗಿ ಬರೋ ಬಸ್ಸಿಗೂ ಆ ಹೆಸರಿಟ್ರು. ಬ್ಯಾಡ್ಮಿಂಟನ್ ಆಡೋ ಪುಕ್ಕದ ಚೆಂಡಿಗೂ ಇಟ್ರು. ಎಲ್ಲಾ ನಮ್ಮಿಂದ ಹೋದದ್ದು!"

ಕತೆ ಹೇಳುವ ದಿನಕ್ಕೆ ಮುಂಚೆಯೇ ಅಭಿನಯಾ ಅದನ್ನೂ ತಾತನ ಮೂವರು ಕಳ್ಳರನ್ನೂ ತರಗತಿಗೆಲ್ಲ ಸಾರಿ ಬಂದಳು. ಆಮೇಲೆ ಡಿಕ್ಷನರಿ ತೆರೆದಳು.

"ತಾತಾ, ಮಗ್ಗದ ಅರ್ಥ ಎರಡನೇದಂತೆ. ಮೊದಲು ಆ ಪದಕ್ಕೆ ಬಾಣ ಅಂತ ಅರ್ಥವಂತೆ."

"ಯಾರು ಹೇಳಿದ್ದು?"

"ಡಿಕ್ಷನರಿ."

"ಅದು ಯಾವತ್ತಾದ್ರೂ ಮಗ್ಗ ಓಡಿಸಿದೆಯಾ?"

"ತಪ್ಪು ಹೇಳಿದ್ರೆ ಎಲ್ಲರ ಮುಂದೆ ನನ್ನ ಮಾನ ಹೋಗುತ್ತೆ ತಾತಾ. ಬಾಣ ಅಂತ ಯಾಕೆ ಅಂದ್ರು, ನೀವೇ ಹೇಳಿ."

ಒಳಗಿಂದ ಜಾನಮ್ಮ ಕೂಗಿದಳು: "ಏನುಂಗ, ನಿಮಗೆ ಗೊತ್ತಿಲ್ವಾ?"

ಗೋಪಾಲಸಾಮಿಯವರ ಕೈ ತಾನಾಗಿ ಹುಬ್ಬಿಗೆ ಹೋಯಿತು.

ಹೆಣ್ಣು ಕೊಡುವವರು ಹುಡುಗ ಮಗ್ಗ ಓಡಿಸುವುದನ್ನು ಶೆಡ್ಡಿಗೇ ಬಂದು ನೋಡುವ ವಾಡಿಕೆ ಆಗ ಅವರಲ್ಲಿತ್ತು. ಜಾನಮ್ಮನ ಅಪ್ಪ ಬಂದ ದಿನ ಈ ಮನುಷ್ಯ ಒಬ್ಬನೇ ನಾಲ್ಕು ಮಗ್ಗ ಓಡಿಸಿ ತೋರಿಸಲು ಹೊರಟ. ಒಂದರಲ್ಲಿ ಹಾಸಿನ ಎಳೆ ಹರಿದು ಸಿಕ್ಕಾಯಿತು. ನಿಲ್ಲಿಸಿ ಗಂಟು ಹಾಕಬೇಕಿತ್ತು. ಮಾವನಾಗುವವರ ಮುಂದೆ ಮಗ್ಗ ನಿಲ್ಲಿಸುವುದೇ? ಮರುಕ್ಷಣ ಸಿಕ್ಕಿಗೆ ಬಡಿದ ಲಾಳಿ ಹಾರಿ ಬಂದು ಹುಬ್ಬಿಗೆ ಹೊಡೆದಿತ್ತು. ಅಳಿಯನನ್ನು ಆಸ್ಪತ್ರೆಗೆ ಹೊತ್ತೊಯ್ದವರೇ ಮಾವ.

ಶಾಲೆಯಲ್ಲಿ ಗೋಪಾಲಸಾಮಿ ಚೀಲದಿಂದ ಹಳೆಯ ಲಾಳಿ ತೆಗೆದರು. ಅದರ ಕಣ್ಣಿನ ತೂತಿಗೆ ಬಾಯಿಟ್ಟು ಹೀರಿ ನೂಲು ಹೊರಗೆಳೆದಾಗ ಮಕ್ಕಳು "ಅಯ್ಯೋ!" ಎಂದವು. ಅಷ್ಟಕ್ಕೇ ಅವರ ಎದೆ ಉಬ್ಬಿತು. ಅಭಿನಯಾ ಬಾಣ, ಮಗ್ಗ, ಚೆಂಡು, ಬಸ್ಸು ಎಂದು ಬೋರ್ಡಿನ ಮೇಲೆ ಬರೆದಳು.

"ಬಾಣಕ್ಕೂ ಇದಕ್ಕೂ ಏನು ಸಂಬಂಧ?" ಎಂದರು ಟೀಚರ್.

ಡಿಕ್ಷನರಿ ಬರೆದವರಿಗೆ ತಿಳಿಯದು ಎಂಬ ಉತ್ತರ ತಾತನ ನಾಲಿಗೆಯ ತುದಿಯಲ್ಲೇ ಇತ್ತು. ಮೊಮ್ಮಗಳು ಸೀಮೆಸುಣ್ಣ ಹಿಡಿದು ಅವರನ್ನೇ ನೋಡುತ್ತಿದ್ದಳು. ಅವರು ಲಾಳಿಯ ಕಬ್ಬಿಣದ ಮೊನೆಯ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ ಮಾವ, ನಾಲ್ಕು ಮಗ್ಗ, ಹರಿದ ಎಳೆ, ಏನೊಂದೂ ಬಿಡದೆ ಹೇಳಿದರು.

"ಬಾಣವೇ ಮಕ್ಕಳಾ. ಸಾಕ್ಷಿ ಇಲ್ಲಿದೆ," ಎಂದು ಹುಬ್ಬು ತೋರಿಸಿದರು.

ಹಿಂದಿನ ಬೆಂಚಿನಿಂದ ಒಂದು ದನಿ: "ಮತ್ತೆ ಆ ಮೂವರು ಕಳ್ಳರು?"

"ಅವರು ಆವತ್ತು ಸಂತೆಗೇ ಬಂದಿರಲಿಲ್ಲ ಕಣ್ಣು."

ತರಗತಿ ನಕ್ಕು ಉರುಳಿತು. ಗುರುತನ್ನು ಮುಟ್ಟಿ ನೋಡಬಹುದೇ ಎಂದು ಒಬ್ಬಳು ಕೇಳಿದಳು. ಅವಳ ಹಿಂದೆ ಸಾಲು ಬಾಗಿಲವರೆಗೆ ಬೆಳೆಯಿತು. ಗೋಪಾಲಸಾಮಿ ಕನ್ನಡಕ ತೆಗೆದು ತಲೆ ಬಗ್ಗಿಸಿದರು. ಮೂವರು ಕಳ್ಳರಿದ್ದಾಗಲೂ ಯಾರೂ ಹೀಗೆ ಸಾಲು ನಿಂತಿರಲಿಲ್ಲ.