ಸೀಟ್ ಬೆಲ್ಟ್ ಹಾಕಿಕೊಂಡ ಕಂಪ್ಯೂಟರ್

ಹೋದ ತಿಂಗಳು ಒಂದು ಬುಧವಾರ ಬಂಕಾಪುರದಿಂದ ಹಿರೇಕೆರೂರಿನವರೆಗೆ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಕಂಪ್ಯೂಟರ್ ಸೀಟ್ ಬೆಲ್ಟ್ ಹಾಕಿಕೊಂಡು ಕೂತು ಬಂತು. ಮೈಮೇಲೆ ಹಳೇ ಸೀರೆಯ ತುಂಡಿನಿಂದ ಹೊಲಿದ ಹೊದಿಕೆ. ಪಕ್ಕದಲ್ಲಿ ಅದರ ಒಡತಿ ಯಶೋಧಕ್ಕ. ಹಾನಗಲ್ಲು ಬರುವ ತನಕ ಅವರು ಅದರ ಮೇಲಿಟ್ಟ ಕೈ ತೆಗೆಯಲಿಲ್ಲ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ, "ಸಾವಕಾಶ್ರಿ ಅಕ್ಕಾರ, ಸಾವಕಾಶ" ಅಂತಿದ್ದರು. ಅದು ನನಗೆ ಹೇಳಿದ ಮಾತೋ, ಕಂಪ್ಯೂಟರಿಗೆ ಹೇಳಿದ ಧೈರ್ಯವೋ, ಗೊತ್ತಾಗಲಿಲ್ಲ.

ಈ ಮೆರವಣಿಗೆಗೆ ಕಾರಣ ಬೇರೆ ಯಾರೂ ಅಲ್ಲ, ನಾನೇ.

ನನ್ನ ಹೊಟ್ಟೆಪಾಡು ನಿಮಗೆ ಗೊತ್ತೇ ಇದೆ. (ಹೊಸದಾಗಿ ಓದುವವರಿಗೆ: ಶಿಗ್ಗಾವಿಯಲ್ಲಿ ಮನೆ, ಸುತ್ತಲಿನ ನಾಲ್ಕು ತಾಲ್ಲೂಕುಗಳ ಸಣ್ಣ ಕಾರ್ಖಾನೆಗಳಲ್ಲಿ ಕಂಟ್ರೋಲ್ ಪ್ಯಾನಲ್ ರಿಪೇರಿ, ವಾರಕ್ಕೊಮ್ಮೆ ಈ ಬರಹ.) ಸವಣೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಿಂದ ಹಿಡಿದು ಹಿರೇಕೆರೂರಿನ ಬೀಜದ ಘಟಕದವರೆಗೆ, ಗೋಡೆಗೆ ನೇತುಹಾಕಿದ ಕಬ್ಬಿಣದ ಪೆಟ್ಟಿಗೆಯೊಳಗೆ ಪಿಎಲ್‌ಸಿ ಅನ್ನೋ ಒಂದು ಸಣ್ಣ ಡಬ್ಬಿ ಇರುತ್ತದೆ. ಯಾವ ಮೋಟರ್ ಯಾವಾಗ ತಿರುಗಬೇಕು, ಯಾವಾಗ ನಿಲ್ಲಬೇಕು ಅನ್ನೋದೆಲ್ಲ ಅದರ ತಲೆಯಲ್ಲಿರುತ್ತದೆ. ಆ ತಲೆಯೊಳಗೆ ಬುದ್ಧಿ ತುಂಬುವುದು ನನ್ನ ಕೆಲಸ. ತುಂಬಬೇಕಾದರೆ ಕಂಪ್ಯೂಟರ್ ಬೇಕು, ಆ ಡಬ್ಬಿಯ ಕಾಲದ ಸಾಫ್ಟ್‌ವೇರ್ ಬೇಕು, ನಡುವೆ ಒಂದು ಕೇಬಲ್ ಬೇಕು. ಮೂರೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಸಂಸಾರದ ಹಾಗೆಯೇ.

ಮಂಗಳವಾರ ಮುಂಜಾನೆ ಚನ್ನಬಸಪ್ಪನವರ ಫೋನು. ಹಿರೇಕೆರೂರಿನಲ್ಲಿ ಮೆಕ್ಕೆಜೋಳದ ಬೀಜ ಒಣಗಿಸುವ ಘಟಕ ನಡೆಸುತ್ತಾರೆ. ಯಾವಾಗಲೂ ಮೊದಲು ನನ್ನ ಆರೋಗ್ಯ ವಿಚಾರಿಸುವವರು, ಅವತ್ತು ವಿಚಾರಿಸಲಿಲ್ಲ.

"ಅಕ್ಕಾರ, ಡ್ರೈಯರ್ ನಿಂತೈತಿ. ಡಬ್ಬಿ ಒಳಗ ಏನೂ ಇಲ್ಲಂತ. ಖಾಲಿ!"

ಹೋಗಿ ನೋಡಿದೆ. ನಿಜಕ್ಕೂ ಖಾಲಿ. ಆ ಹಳೇ ಡಬ್ಬಿಗೆ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಕರೆಂಟ್ ಹೋದಾಗ ನೆನಪು ಉಳಿಸುವುದು ಅದೇ. ಬ್ಯಾಟರಿ ಸಾಯುವ ಮುಂಚೆ ಒಂದು ಕೆಂಪು ದೀಪ ಹತ್ತಿ ಎಚ್ಚರಿಸುತ್ತದೆ. ಆ ದೀಪದ ಮೇಲೆ ಕರಿ ಇನ್ಸುಲೇಷನ್ ಪಟ್ಟಿ ಅಂಟಿಸಿತ್ತು.

"ಇದೇನ್ರಿ ಇದು?"

"ಕಣ್ಣಿಗೆ ಚುಚ್ಚತಿತ್ರಿ" ಅಂದರು ಚನ್ನಬಸಪ್ಪ. ಆಮೇಲೆ ನೆಲ ನೋಡಿದರು.

ಹಿಂದಿನ ದಿನವಷ್ಟೇ ರೈತರು ತಂದು ಸುರಿದ ಹಸಿ ತೆನೆ ಬಿನ್ನು ಅನ್ನೋ ದೊಡ್ಡ ತೊಟ್ಟಿಗಳಲ್ಲಿ ತುಂಬಿತ್ತು. ಹೊರಗೆ ಮೋಡ. ಹಸಿ ತೆನೆ ಗುಂಪಾಗಿ ಬಿದ್ದರೆ ತಾನೇ ಕಾಯುತ್ತದೆ, ಬೂಸ್ಟು ಹಿಡಿಯುತ್ತದೆ. ತಿನ್ನೋ ಜೋಳವಾದರೆ ಹೇಗೋ ಮಾರಬಹುದು. ಬೀಜದ ಜೋಳ ಮೊಳಕೆ ಬರದಿದ್ದರೆ ಅದನ್ನು ಏನೆಂದು ಕರೆಯೋಣ? ತೆನೆ ಆರಿಸುವ ಹೆಣ್ಣುಮಕ್ಕಳು ಕೆಲಸವಿಲ್ಲದೆ, ತೆನೆ ಸಾಗಿಸುವ ಬೆಲ್ಟಿನ ಪಕ್ಕ ಕೂತು ನನ್ನನ್ನೇ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರನ್ನು ನೋಡುತ್ತಾರಲ್ಲ, ಹಾಗೆ.

ನನಗೇನೂ ಗಾಬರಿ ಇರಲಿಲ್ಲ. ಡ್ರೈಯರಿನ ಪ್ರೋಗ್ರಾಮ್ ನನ್ನ ಪೆನ್‌ಡ್ರೈವಿನಲ್ಲಿ ಜೋಪಾನವಾಗಿತ್ತು. ಸಾಫ್ಟ್‌ವೇರಿನ ಸಿ.ಡಿ.ಯನ್ನೂ ಆ ಪೆನ್‌ಡ್ರೈವಿಗೆ ಇಳಿಸಿಕೊಂಡಿದ್ದೆ. ಹೊಸ ಲ್ಯಾಪ್‌ಟಾಪ್ ತೆರೆದು ಹಾಕಿದೆ. 'ಈ ಆ್ಯಪ್ ನಿಮ್ಮ ಪಿ.ಸಿ.ಯಲ್ಲಿ ಓಡುವುದಿಲ್ಲ' ಅಂತ ಉತ್ತರ ಬಂತು. ಯಾಕೆ ಅಂತ ಕೇಳೋಕೆ ಅಲ್ಲಿ ಬಟನ್ ಇರಲಿಲ್ಲ. ಓಕೆ ಅನ್ನೋ ಬಟನ್ ಮಾತ್ರ ಇತ್ತು.

ಇದಕ್ಕೊಂದು ಉಪಾಯವಿದೆ. ಹೊಸ ಕಂಪ್ಯೂಟರಿನೊಳಗೇ ಒಂದು ನಕಲಿ ಹಳೇ ಕಂಪ್ಯೂಟರ್ ಕಟ್ಟುವುದು. ನಾನು ಮೊದಲೇ ಕಟ್ಟಿಟ್ಟುಕೊಂಡಿದ್ದೆ. ಅದರಲ್ಲಿ ಸಾಫ್ಟ್‌ವೇರ್ ಏನೋ ತೆರೆಯಿತು, ಪ್ರೋಗ್ರಾಮೂ ಕಂಡಿತು. ಆದರೆ ಡಬ್ಬಿಗೆ ಚುಚ್ಚುವ ಕೇಬಲ್ ಹಳೇ ಕಾಲದ್ದು, ಒಂಬತ್ತು ತೂತಿನದು. ನನ್ನ ಲ್ಯಾಪ್‌ಟಾಪಿಗೆ ಅಂಥ ಬಾಯಿಯೇ ಇಲ್ಲ. ನಡುವೆ ಯು.ಎಸ್.ಬಿ. ಕನ್ವರ್ಟರ್ ಹಾಕಿದೆ. ಹತ್ತು ಪರ್ಸೆಂಟ್ ಹೋಗೋದು, ನಿಲ್ಲೋದು. ಮತ್ತೆ ಹಾಕಿದರೆ ಮತ್ತೆ ಅಲ್ಲೇ ನಿಲ್ಲೋದು. ಮಧ್ಯಾಹ್ನದ ತನಕ ಇದೇ ಆಟ.

"ನಿಮ್ಮ ಆ ಹಳೇ ದಪ್ಪನ್ನ ಲ್ಯಾಪ್‌ಟಾಪ್ ಎಲ್ಲಿ ಹೋತ್ರಿ?" ಅಂದರು ಚನ್ನಬಸಪ್ಪ.

ಯುಗಾದಿಯ ಎಕ್ಸ್‌ಚೇಂಜ್ ಆಫರಿನಲ್ಲಿ ಕೊಟ್ಟುಬಿಟ್ಟಿದ್ದೆ. ಅದರಲ್ಲಿ ಒಂಬತ್ತು ತೂತಿನ ಬಾಯಿ ಇತ್ತು. ನಿಧಾನವಾಗಿದೆ, ಭಾರವಾಗಿದೆ, ನಾಲ್ಕು ಜನರ ಮುಂದೆ ತೆಗೆಯೋಕೆ ನಾಚಿಕೆ ಅಂತ ಕೊಟ್ಟಿದ್ದೆ. (ಈಗ ಹೇಳಿ, ನಾಚಿಕೆ ಯಾವುದಕ್ಕೆ?) ಈಗ ನಾನೂ ನೆಲ ನೋಡಿದೆ. ಕೆಂಪು ದೀಪಕ್ಕೆ ಪಟ್ಟಿ ಹಚ್ಚಿದವರ ಮುಂದೆ ನಾನೇನು ಮಾತಾಡಲಿ?

ಚನ್ನಬಸಪ್ಪ ಮೆಲ್ಲಗೆ ಕೇಳಿದರು. "ಡಬ್ಬಿ ಬಿಟ್ಟು ಬರ್ನರ್‌ಗೆ ಡೈರೆಕ್ಟ್ ವೈರ್ ಕೊಟ್ಟುಬಿಡ್ರಿ. ನಾನು ಬಾಜೂಕ ನಿಂತು ನೋಡ್ಕೊಂತೇನಿ."

"ಆಗಂಗಿಲ್ರಿ."

"ಒಂದ ದಿನ, ಅಷ್ಟ."

"ಶಾಖ ಹೆಚ್ಚಾತು ಅಂದ್ರ ಕಾಳು ನೋಡಾಕ ಬಂಗಾರದಂಗ ಇರ್ತದ, ಒಳಗ ಜೀವ ಇರಂಗಿಲ್ಲ. ಬೆಂಕಿ ಹತ್ತಿದ್ರ ಆರಸಾಕ ಯಾರೂ ಇರಂಗಿಲ್ಲ. ಫ್ಯಾನ್ ಅಷ್ಟ ಕೈಲಿಂದ ಓಡಸ್ರಿ. ಗಾಳಿ ಆಡಲಿ. ನಾಳೆ ತನಕ ನನಗ ಟೈಮ್ ಕೊಡ್ರಿ."

ಕೊಟ್ಟರು. ಸಿಟ್ಟಿನಿಂದಲೇ ಕೊಟ್ಟರು, ಆದರೂ ಕೊಟ್ಟರು.

ವಾಪಸ್ ಬರುವ ದಾರಿಯಲ್ಲಿ ಯೋಚಿಸಿದೆ. ಹಳೇ ವಿಂಡೋಸ್ ಎಕ್ಸ್‌ಪಿ ಇರುವ, ಹಿಂದೆ ಒಂಬತ್ತು ತೂತಿನ ಬಾಯಿ ಇರುವ, ಇನ್ನೂ ಉಸಿರಾಡುತ್ತಿರುವ ಕಂಪ್ಯೂಟರ್ ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಾದರೂ ಇದೆಯೇ? ಎಕ್ಸ್‌ಪಿ ಅಂದರೆ ಅದೇ, ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ಬರುತ್ತಿತ್ತಲ್ಲ. ಆ ಗುಡ್ಡವನ್ನು ಇತ್ತೀಚೆಗೆ ಎಲ್ಲೋ ನೋಡಿದ್ದೇನೆ ಅನಿಸಿತು. ಎಲ್ಲಿ? ನನ್ನ ಬ್ಲೌಸಿನ ಅಳತೆ ಕೊಡುವಾಗ!

ಬಂಕಾಪುರದ ಯಶೋಧಕ್ಕನ ಅಂಗಡಿ ಸುತ್ತಲಿನ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಒಂದೇ ಕೋಣೆ. ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಕಂಪ್ಯೂಟರ್ ಕಸೂತಿ ಯಂತ್ರ. ಹನ್ನೊಂದು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಡಿಸೈನ್ ಬಿಡಿಸುವ ಕಂಪ್ಯೂಟರ್ ಅದರ ಜೊತೆಗೇ ಬಂದಿದ್ದು. ಯಶೋಧಕ್ಕನಿಗೆ ಕಲಿಸಿದವರು ಯಾರೂ ಇಲ್ಲ. ನೂರು ಬಟ್ಟೆ ಕೆಡಿಸಿ ತಾವೇ ಕಲಿತವರು. ಕೋಟೆಯ ಕಡೆ ಓಡಾಡುವ ನವಿಲು ನೋಡಿ ನೋಡಿ ತಾವೇ ಬಿಡಿಸಿದ ನವಿಲುಗಳೇ ಎಷ್ಟೋ ಇವೆ. ಫೈಲುಗಳಿಗೆ ಗಿರಾಕಿಗಳ ಹೆಸರು: 'ದುಂಡಸಿ ಟೀಚರ್ ನವಿಲು', 'ಹತ್ತಿಮತ್ತೂರು ಬಳ್ಳಿ'.

ಬುಧವಾರ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ ನಿಂತೆ. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅವರು ಯಂತ್ರದ ಕಡೆ ಕೈ ತೋರಿಸಿದರು. ಯಂತ್ರದಲ್ಲಿ ಒಂದು ಮದುಮಗಳ ಬ್ಲೌಸು ಅರ್ಧ ತೋಳು ಮುಗಿದು ನಿಂತಿತ್ತು.

"ಇದನ್ನ ನಾಳೆ ಮುಂಜಾನಿ ಹತ್ತಕ್ಕ ಒಯ್ಯಾಕ ಬರ್ತಾರ್ರಿ" ಅಂದರು. "ನಿಮ್ಮದೇನರ ಹಾಕಾಕ ಹೋಗಿ ನಂದು ಕೆಟ್ಟು ಹೋದ್ರ?"

ಆಗೋದಿಲ್ಲ ಅನ್ನೋಕೆ ಬಾಯಿ ತೆರೆದೆ. ಅನ್ನಲಿಲ್ಲ. ಆಗಬಹುದಿತ್ತು. ಅಷ್ಟು ಹಳೇ ಹಾರ್ಡ್‌ಡಿಸ್ಕ್ ಯಾವಾಗ ಬೇಕಾದರೂ ಕೈಕೊಡಬಹುದು. ಒಬ್ಬರ ಬೀಜ ಉಳಿಸೋಕೆ ಇನ್ನೊಬ್ಬರ ಅನ್ನಕ್ಕೆ ಕೈ ಹಾಕುತ್ತಿದ್ದೇನಲ್ಲ ಅಂತ ಒಳಗೆ ಚುಚ್ಚಿತು.

"ಡಿಸೈನೆಲ್ಲ ಬ್ಯಾರೆ ಕಡೆ ಇಟ್ಟೀರೇನ್ರಿ?"

"ಬ್ಯಾರೆ ಕಡೆ ಅಂದ್ರ? ಎಲ್ಲಾ ಇದರಾಗ ಅದಾವು."

ಹನ್ನೊಂದು ವರ್ಷದ ದುಡಿಮೆ, ಒಂದೇ ಒಂದು ನಕಲಿಲ್ಲ! ನನ್ನ ಕೆಲಸ ಪಕ್ಕಕ್ಕಿಟ್ಟು ಮೊದಲು ಅದನ್ನೆಲ್ಲ ಎರಡು ಪೆನ್‌ಡ್ರೈವಿಗೆ ಕಾಪಿ ಮಾಡಿದೆ. ಅರ್ಧ ಗಂಟೆ ಹಿಡಿಯಿತು. ಒಂದನ್ನು ಅವರ ಕೈಗೆ ಕೊಟ್ಟೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ಎದ್ದರು.

"ಕಂಪ್ಯೂಟರ್ ಒಂದನ್ನ ಕಳಸಂಗಿಲ್ರಿ. ನಾನೂ ಬರ್ತೇನಿ."

ಹೀಗೆ ಹೊರಟಿದ್ದು ನಮ್ಮ ಮೆರವಣಿಗೆ.

ಘಟಕದಲ್ಲಿ ಚನ್ನಬಸಪ್ಪ ಬಾಗಿಲಲ್ಲೇ ಕಾಯುತ್ತಿದ್ದರು. ಸೀರೆ ಹೊದ್ದ ಕಂಪ್ಯೂಟರ್ ನೋಡಿ ಅವರ ಮುಖ ಇಳಿದಿದ್ದು ಕಂಡಿತು. ಬಿನ್ನಿನೊಳಗೆ ಕೈ ಹಾಕಿ ನೋಡಿದೆ. ಫ್ಯಾನ್ ಓಡಿದ್ದರಿಂದ ತೆನೆ ಇನ್ನೂ ಬೆಚ್ಚಗಾಗಿರಲಿಲ್ಲ. ಆಫೀಸಿನ ಮಾನಿಟರ್ ತಂದು ಜೋಡಿಸಿದೆವು. ಪೆನ್‌ಡ್ರೈವ್ ಹಾಕಿದ ಕೂಡಲೇ ಸಾಫ್ಟ್‌ವೇರ್ ಕೂತಿತು. ಒಂದು ಪ್ರಶ್ನೆ ಕೇಳಲಿಲ್ಲ, ಒಂದು ತಕರಾರು ತೆಗೆಯಲಿಲ್ಲ. ಕೇಬಲ್ ಚುಚ್ಚಿ ಎರಡೂ ಸ್ಕ್ರೂ ತಿರುಗಿಸಿದೆ. ಡೌನ್‌ಲೋಡ್ ಒತ್ತಿದೆ.

'ಪೋರ್ಟ್ ತೆರೆಯಲಾಗುತ್ತಿಲ್ಲ.'

ಕೇಬಲ್ ಬಿಚ್ಚಿ ಮತ್ತೆ ಹಾಕಿದೆ. ಅದೇ ಉತ್ತರ. ಸೆಟ್ಟಿಂಗ್ ಬದಲಿಸಿದೆ. ಅದೇ. ಹೆಣ್ಣುಮಕ್ಕಳೆಲ್ಲ ಎದ್ದು ಬಂದು ಹಿಂದೆ ನಿಂತಿದ್ದರು.

"ಅಕ್ಕಾರ, ಸ್ವಲ್ಪ ಸರೀರಿ" ಅಂದರು ಯಶೋಧಕ್ಕ.

ಸರಿದೆ. ಅವರು ಮೌಸ್ ಹಿಡಿದು ಕೆಳಗಿನ ಮೂಲೆಗೆ, ಗಡಿಯಾರದ ಪಕ್ಕಕ್ಕೆ ಹೋದರು. ಅಲ್ಲೊಂದು ಸಣ್ಣ ಸೂಜಿ ದಾರದ ಚಿತ್ರ.

"ನಮ್ಮ ಕಸೂತಿದು ಚಾಲೂ ಮಾಡಿದ ಕೂಡ್ಲೇ ತಾನ ಎದ್ದು ಕುಂದರ್ತದ್ರಿ. ಈ ಬಾಯಿ ಹಿಡ್ಕೊಂಡ್ತು ಅಂದ್ರ ಯಾರಿಗೂ ಬಿಡಂಗಿಲ್ಲ. ಇದನ್ನ ಮೊದ್ಲ ಬಂದ್ ಮಾಡಬೇಕು."

ಬಂದ್ ಮಾಡಿದರು. "ಈಗ ಒತ್ರಿ."

ಒತ್ತಿದೆ. ಹತ್ತು ಪರ್ಸೆಂಟ್. ನಿನ್ನೆ ನಿಂತಿದ್ದು ಇಲ್ಲೇ. ಹನ್ನೊಂದು. ಹದಿನೈದು. ನಲವತ್ತು. ಯಾರೋ ಹಿಂದಿನಿಂದ "ಹೋತು, ಹೋತು" ಅಂದರು. ನೂರಾಯಿತು. ಡಬ್ಬಿಯ ಹಸಿರು ದೀಪ ಹತ್ತಿತು. ಹೊಸ ಬ್ಯಾಟರಿ ಕೂರಿಸಿದೆ, ಬರ್ನರ್ ಶುರುಮಾಡಿದೆ, ಶಾಖ ಮಿತಿಯಲ್ಲಿ ನಿಲ್ಲುವ ತನಕ ಅಲ್ಲೇ ನಿಂತೆ. ಬೆಲ್ಟು ತಿರುಗಿತು. ಹೆಣ್ಣುಮಕ್ಕಳು ಮಾತಾಡಿಕೊಂಡೇ ಕೆಲಸಕ್ಕೆ ಕೂತರು. ಅಷ್ಟು ಸದ್ದು ಅಷ್ಟು ಹಿತವಾಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಚನ್ನಬಸಪ್ಪ ಯಶೋಧಕ್ಕನ ಮುಂದೆ ಬಂದು ಕೈ ಮುಗಿದರು. "ತಾಯೇ, ನೀವ್ ಯಾವ ಇಂಜಿನಿಯರಿಂಗ್ ಕಾಲೇಜು?"

"ನಾ ಏಳನೇತ್ತಾ ಸಾಲಿ ಕಲತಾಕಿ ರೀ" ಅಂದರು ಅವರು. ಅದರಲ್ಲಿ ಹೆಮ್ಮೆಯೂ ಇರಲಿಲ್ಲ, ಸಂಕೋಚವೂ ಇರಲಿಲ್ಲ. "ಅದರ ಸ್ವಭಾವ ಗೊತ್ತೈತಿ, ಅಷ್ಟ."

ಅಷ್ಟೇ ಅಂತೆ! ನಾನು ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮೇಲಿಂದ ಮೇಲೆ ಹೊಸದು ಕೊಂಡು, ಹಳೆಯದರ ಸ್ವಭಾವ ತಿಳಿಯುವಷ್ಟರಲ್ಲಿ ಬದಲಿಸಿದ್ದೇನೆ. ಹೊಸದು ಬೇಡ ಅಂತ ನಾನು ಹೇಳುತ್ತಿಲ್ಲ. (ಇದನ್ನು ಬರೆಯುತ್ತಿರುವುದೂ ಹೊಸದರಲ್ಲೇ.) ಕಾರ್ಖಾನೆಯ ಡಬ್ಬಿ ಇಪ್ಪತ್ತೈದು ವರ್ಷ ದುಡಿಯುತ್ತದೆ. ಅದರ ಜೊತೆ ಮಾತಾಡಬೇಕಾದ ಕಂಪ್ಯೂಟರ್ ಐದು ವರ್ಷಕ್ಕೇ ಭಾಷೆ ಮರೆಯುತ್ತದೆ. ನಡುವೆ ಸಿಕ್ಕಿಬೀಳುವುದು ನಾವು. ಹಾಗಾಗಿ ಈಗ ನಾನೂ ಹುಬ್ಬಳ್ಳಿಯಿಂದ ಒಂದು ಹಳೇ ಕಂಪ್ಯೂಟರ್ ಹುಡುಕಿ ತಂದು ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಇಂಟರ್ನೆಟ್ ಕೊಟ್ಟಿಲ್ಲ. ಅದಕ್ಕೆ ಅದರ ಪಾಡು.

ಮದುಮಗಳ ಬ್ಲೌಸು ಗುರುವಾರ ಒಂಬತ್ತೂವರೆಗೇ ಮುಗಿಯಿತಂತೆ. ವಾರದ ಮೇಲೆ ಚನ್ನಬಸಪ್ಪ ಒಂದು ಫೋಟೋ ಕಳಿಸಿದರು. ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟ ಕಾಳು, ಒಂದೊಂದಕ್ಕೂ ಬಿಳಿ ಮೊಳಕೆ. ಕೆಳಗೆ ಒಂದೇ ಮಾತು: "ಎದ್ದಾವ್ರಿ!" ಅದನ್ನು ಯಶೋಧಕ್ಕನಿಗೂ ತೋರಿಸಿದೆ. ಬಹಳ ಹೊತ್ತು ನೋಡಿ, "ಚಂದ ಅದಾವು. ತೋಳಿನ ಅಂಚಿಗೆ ಹಾಕಬಹುದು" ಅಂದರು.

ಮೊನ್ನೆ ಅವರ ಡಿಸೈನುಗಳಿಗೆ ಒಂದು ಒಳ್ಳೇ ಡಿಸ್ಕ್ ಕೊಳ್ಳೋಣ ಅಂತ ಇಬ್ಬರೂ ಶಿಗ್ಗಾವಿಯ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆವು. ಅಂಗಡಿಯವರು ಡಿಸ್ಕ್ ಕೊಡುವ ಮೊದಲು ಒಂದು ಥಳಥಳಿಸುವ ಹೊಸ ಕಂಪ್ಯೂಟರ್ ತೋರಿಸಿದರು. ಲೇಟೆಸ್ಟ್ ಅಂತೆ, ಇದಕ್ಕಿಂತ ಹೊಸದೇ ಇಲ್ಲವಂತೆ. ಯಶೋಧಕ್ಕ ಸುತ್ತು ಹಾಕಿ ನೋಡಿದರು, ಮುಟ್ಟಿ ನೋಡಿದರು, ಮೆಚ್ಚಿದರು. ಆಮೇಲೆ ಕೇಳಿದರು:

"ಚಲೋ ಐತ್ರಿ. ಇದು ಹಳೇದಾಗೂದು ಯಾವಾಗ?"

ಅಂಗಡಿಯವರು ಡಿಸ್ಕ್ ತರಲು ಒಳಗೆ ಹೋದರು. ಉತ್ತರ ಗೊತ್ತಿದ್ದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?