ಹೆಚ್ಚಾಗಿ ಸಿಕ್ಕ ಹನ್ನೊಂದು ಸೀಸೆ

ಊರವರೆಲ್ಲ ಗೌರವದಿಂದ ದೋನ್ಯಾ ಅನ್ನುವ ಒಬ್ದುಲಿಯಾ ಮೂವತ್ತೆಂಟು ವರ್ಷ ಔಷಧಿ ಅಂಗಡಿ ನಡೆಸಿದಳು. ಅಷ್ಟೂ ವರ್ಷ ಅವಳ ಬಾಗಿಲ ಪಕ್ಕದಲ್ಲೇ ಕೂತು, ತೆರೆರೆ ಅನ್ನೋ ತಣ್ಣನೆಯ ಎಲೆಪಾನಕಕ್ಕೆ ಹಾಕಿ ಕುಡಿಯುವ ಬೇರು ಸೊಪ್ಪು ಕುಟ್ಟಿ ಮಾರಿದವಳು ನಾನು, ನೆಮೇಸಿಯಾ. ‘ಇಂಜೆಕ್ಷನ್ ಯಾಕೆ, ನನ್ನ ಬೇರು ಸಾಲದಾ?’ ಅಂತ ಅವಳ ಗಿರಾಕಿಗಳನ್ನು ಅವಳೆದುರೇ ತಡೆಯುತ್ತಿದ್ದೆ. ಅವಳು ನಕ್ಕುಬಿಡುತ್ತಿದ್ದಳು.

ಮಂಡಿನೋವು ಜಾಸ್ತಿಯಾಗಿ ಅಂಗಡಿಯನ್ನು ಲಿಸಾಂದ್ರಾ ಅನ್ನೋ ಹುಡುಗಿಗೆ ಮಾರಲು ಒಪ್ಪಿದಳು. ನಮ್ಮ ಪರಾಗ್ವೆಯಲ್ಲಿ ಔಷಧಿ ಅಂಗಡಿ ಕೈಬದಲಾಗಬೇಕಾದರೆ ಸರ್ಕಾರದ ಇನ್ಸ್‌ಪೆಕ್ಟರ್ ಬಂದು, ಬೀಗ ಹಾಕಿದ ಬೀರುವಿನ ಮದ್ದನ್ನು ರಿಜಿಸ್ಟರಿಗೆ ತಾಳೆ ನೋಡಬೇಕು. ಹಿಂದಿನ ದಿನ ನಾವಿಬ್ಬರೂ ಎಣಿಸಿದೆವು. ಮಾರ್ಫಿನ್ ಸೀಸೆ ರಿಜಿಸ್ಟರಿನಲ್ಲಿ ಇಪ್ಪತ್ತು, ಬೀರುವಿನಲ್ಲಿ ಮೂವತ್ತೊಂದು.

ನಮ್ಮೂರಲ್ಲಿ ಸತ್ತವರ ಮದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮೇಲೆ ಅಂಗಡಿಗೆ ತಂದು ಕೊಡುತ್ತಾರೆ. ಅತ್ತು ಕಣ್ಣು ಊದಿಸಿಕೊಂಡು ಬಂದವರಿಗೆ ಇಲ್ಲ ಅನ್ನಲಾರದೆ ಇವಳು ತೆಗೆದುಕೊಂಡು ಬೀರುವಿಗೆ ತಳ್ಳಿದ್ದಾಳೆ, ಬರೆದಿಲ್ಲ.

‘ಮೋರಿಗೆ ಸುರಿದುಬಿಡೇ, ಯಾರಿಗೆ ಗೊತ್ತಾಗುತ್ತೆ?’ ಅಂದೆ.

‘ನನಗೆ ಗೊತ್ತಾಗುತ್ತಲ್ಲ,’ ಅಂದಳು. ಇಂಥವಳ ಜೊತೆ ಏಗೋದು ಹೇಗೆ?

ಇನ್ಸ್‌ಪೆಕ್ಟರ್ ಒಕಾಂಪೋಸ್ ಮಾರನೇ ದಿನ ಎರಡು ಸಲ ಎಣಿಸಿ, ಒಬ್ದುಲಿಯಾ ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದ. ‘ಕಮ್ಮಿ ಇದ್ರೆ ಕಳುವಾಗಿದೆ ಅಂತ ಬರೀತೀವಿ ದೋನ್ಯಾ. ಜಾಸ್ತಿ ಇದ್ರೆ ಕದ್ದು ಮಾರೋಕೆ ಇಟ್ಟಿದ್ದು ಅಂತ ಬರೀಬೇಕಾಗುತ್ತೆ. ಒಂದೊಂದು ಸೀಸೆಗೂ ಇದು ನಮ್ಮನೇದು ಅಂತ ಯಾರಾದ್ರೂ ಸಹಿ ಹಾಕ್ಲಿ. ಒಂದು ಉಳಿದ್ರೂ ಅಂಗಡಿಗೆ ಸೀಲು, ನಿಮ್ಮ ಮೇಲೆ ಕೇಸು.’

ನಾನು ಬೀದಿಯಲ್ಲಿ ಗಂಟಲು ಹರಿಯುವಂತೆ ಕೂಗಿಕೊಂಡು ಹೋದೆ. ಐದು ಮನೆಯವರು ಬಂದು ಸಹಿ ಹಾಕಿದರು. ಹತ್ತು ಸೀಸೆಗೆ ಲೆಕ್ಕ ಸಿಕ್ಕಿತು.

ಹನ್ನೊಂದನೆಯದು ನನ್ನದು. ಆರು ವರ್ಷದ ಹಿಂದೆ ನನ್ನ ಗಂಡ ವಿಲ್ಫ್ರಿದೋ ಹೊಟ್ಟೆ ಕ್ಯಾನ್ಸರಿನಲ್ಲಿ ದಿಂಬು ಕಚ್ಚಿಕೊಂಡು ನರಳುವಾಗ ನನ್ನ ಬೇರುಗಳೆಲ್ಲ ಸೋತವು. ಡಾಕ್ಟರ ಚೀಟಿ ಹಿಡಿದು ಇವಳ ಹಿತ್ತಲ ಬಾಗಿಲಿಂದ ಒಳಗೆ ಹೋಗಿದ್ದೆ. ಅವನು ಹೋದ ಮೇಲೆ ಒಂದು ಸೀಸೆ ಉಳಿದಿತ್ತು, ಅದನ್ನೂ ಅದೇ ಬಾಗಿಲಿಂದ ಹೋಗಿ ವಾಪಸ್ ಕೊಟ್ಟಿದ್ದೆ. ಅದು ಗೊತ್ತಿದ್ದದ್ದು ಅವಳಿಗೊಬ್ಬಳಿಗೇ.

‘ಇನ್ನೊಂದು ಯಾರದು?’ ಅಂದ ಇನ್ಸ್‌ಪೆಕ್ಟರ್.

ಒಬ್ದುಲಿಯಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ‘ನೆನಪಿಲ್ಲ ಸಾಹೇಬ್ರೇ,’ ಅಂದಳು.

ಸುಳ್ಳು! ಮೋರಿಗೆ ಸುರಿಯಲಾರದವಳು ನನ್ನ ಮಾನ ಉಳಿಸೋಕೆ ಸುಳ್ಳು ಹೇಳಿದಳು. ನನಗೆ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಯಿತು.

‘ಅದು ನಂದು. ನನ್ನ ಗಂಡಂದು,’ ಅಂದೆ.

ಎಲ್ಲರೂ ನನ್ನನ್ನೇ ನೋಡಿದರು. ಸಹಿ ಹಾಕೋಕೆ ಬಂದಿದ್ದ ಮುದುಕ ಕ್ರಿಸ್ಪೀನ್ ಬಿಡಲಿಲ್ಲ. ‘ಯಾಕೆ ನೆಮೇಸಿಯಾ, ಬೇರು ಸಾಲಲಿಲ್ವಾ?’

‘ಸಾಲಲಿಲ್ಲ ಕಣೋ. ಕೊನೇ ವಾರ ಅವನು ನೋವಿಲ್ಲದೆ ನಿದ್ದೆ ಮಾಡಿದ್ದು ಇವಳ ಇಂಜೆಕ್ಷನ್ನಿಂದ.’

ಯಾರೂ ನಗಲಿಲ್ಲ. ನಾನು ಸಹಿ ಹಾಕಿದೆ. ಒಕಾಂಪೋಸ್ ಹನ್ನೊಂದನ್ನೂ ನಮ್ಮೆದುರೇ ಬಕೆಟ್ಟಿನಲ್ಲಿ ಒಡೆದು, ಕಾಗದಕ್ಕೆ ಮೊಹರು ಒತ್ತಿ ಬೀಗದಕೈಯನ್ನು ಲಿಸಾಂದ್ರಾಳಿಗೆ ಕೊಟ್ಟ.

ಹೊರಗೆ ಬಂದು ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ‘ನಾನು ಬಾಯಿ ಬಿಡದೇ ಇದ್ದಿದ್ರೆ ಏನೇ ಮಾಡ್ತಿದ್ದೆ?’ ಅಂತ ಬೈದೆ.

‘ಕೇಸು ಬೀಳ್ತಿತ್ತು.’

‘ಬಿದ್ದಿದ್ರೆ?’

‘ಬೀಳ್ಲಿ ಅಂದ್ಕೊಂಡಿದ್ದೆ,’ ಅಂದಳು. ಆಮೇಲೆ ಅಳು ಬಂತು, ಇಬ್ಬರಿಗೂ. ಅಳುತ್ತಾ ಅಳುತ್ತಾ ಅದ್ಯಾವಾಗಲೋ ನಗುತ್ತಿದ್ದೆವು.