ಕಿವಿಯಲ್ಲಿ ಅಡುಗೆ ಮಾಡುವ ಅಕ್ಕ

"ಶ್!"

ಅಕ್ಕ ಬೆರಳೆತ್ತಿದ್ದೇ ತಡ, ಬಸ್ ಡಿಪೋ ಕ್ಯಾಂಟೀನಿನ ಅಡುಗೆಮನೆಯಲ್ಲಿ ಎಲ್ಲರ ಬಾಯಿಗೂ ಬೀಗ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ನಲ್ಲಿ ನಿಲ್ಲುತ್ತದೆ, ಹೊಗೆ ಎಳೆಯುವ ಫ್ಯಾನು ನಿಲ್ಲುತ್ತದೆ, ಚಹಾ ಸಿಗುತ್ತದೇನೋ ಎಂದು ಇಣುಕಿದ ಡ್ರೈವರ್ ಒಬ್ಬರು ಚಪ್ಪಲಿ ಸದ್ದಾಗದಂತೆ ಬಾಗಿಲಲ್ಲೇ ನಿಲ್ಲುತ್ತಾರೆ. ಅಕ್ಕ ಅಗಲ ಬಾಣಲೆಯ ಪಕ್ಕ ತಲೆ ಓರೆ ಮಾಡಿ, ಒಂದು ಕಿವಿಯನ್ನು ಪೂರ್ತಿ ಈರುಳ್ಳಿಗೆ ಕೊಟ್ಟು ನಿಂತಿದ್ದಾರೆ. ಈರುಳ್ಳಿ ಮೊದಲು ಕೂಗಾಡುತ್ತದೆ, ಆಮೇಲೆ ಗೊಣಗುತ್ತದೆ, ಕೊನೆಗೆ ಪಿಸುಗುಟ್ಟುತ್ತದೆ. ಪಿಸುಮಾತು ಶುರುವಾದ ಕೂಡಲೇ ಅಕ್ಕ ಉರಿ ತಗ್ಗಿಸುತ್ತಾರೆ.

"ಹ್ಞೂಂ, ಇನ್ನು ಮಾತಾಡ್ರಪ್ಪ. ಯಾರದ್ದು ಏನು ಜಗಳ ಇತ್ತೋ ಮುಂದುವರ್ಸಿ."

ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ನೋಡಿ ಅಕ್ಕನಿಗೆ ಏನೋ ಗಾಳಿ ಸೋಕಿದೆ ಎಂದುಕೊಳ್ಳುವುದುಂಟು. ಅಂಥದ್ದೇನೂ ಇಲ್ಲ. ದಿನಕ್ಕೆ ಮುನ್ನೂರು ತಟ್ಟೆ ಊಟ ಬಡಿಸುವ ಈ ಕ್ಯಾಂಟೀನಿನ ಅಡುಗೆಯಕ್ಕನಿಗೆ ವಾಸನೆ ಬರುವುದಿಲ್ಲ, ಅಷ್ಟೇ. ಹುರಿದ ಬೆಳ್ಳುಳ್ಳಿಯನ್ನೂ ಒದ್ದೆ ಗೋಣಿಚೀಲವನ್ನೂ ಎದುರಿಗಿಟ್ಟರೆ ಅವರ ಮೂಗಿಗೆ ಎರಡೂ ಒಂದೇ.

ಅಡುಗೆಯವರಿಗೆ ಮೂಗಿಲ್ಲದಿದ್ದರೆ ಹೇಗೆ? ಮೊದಲ ಸಲ ಕೇಳಿದವರಿಗೆಲ್ಲ ಹುಟ್ಟುವ ಪ್ರಶ್ನೆ ಇದು. ಅಕ್ಕ ಬೇಸರಪಡದೆ ಉತ್ತರ ಹೇಳುತ್ತಾರೆ. "ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಗೊತ್ತಾಗುತ್ತೆ. ಖಾರ ಉರಿಯುತ್ತೆ. ಅಲ್ಲಿಗೆ ಮುಗೀತು. ಉಳಿದಿದ್ದೆಲ್ಲ ಮೂಗಿನ ಕೆಲಸ ಅಂತ ನನಗೂ ಅದು ಹೋದಮೇಲೇ ಗೊತ್ತಾಗಿದ್ದು. ಈಗ ಬೆಂದಿದೆಯಾ ಅಂತ ಬೆರಳಲ್ಲಿ ನೋಡ್ತೀನಿ, ಹುರಿದಿದೆಯಾ ಅಂತ ಕಿವೀಲಿ ಕೇಳ್ತೀನಿ."

ಹಾಗಾದರೆ ಕಣ್ಣು? "ಅಯ್ಯೋ, ಇಷ್ಟು ದೊಡ್ಡ ಬಾಣಲೇಲಿ ಆವಿ ಬಿಟ್ಟು ಇನ್ನೇನು ಕಾಣುತ್ತೆ? ಕಾಣೋ ಹೊತ್ತಿಗೆ ಕರ್ರಗಾಗಿರುತ್ತೆ."

ಆಲೂಗಡ್ಡೆ ಸುಲಿಯುವ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಅಕ್ಕನಿಗೆ ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಗಂಡ ಇದೇ ಡಿಪೋದಲ್ಲಿ ಮೆಕ್ಯಾನಿಕ್. "ನಮ್ಮೆಜಮಾನ್ರು ಮಾತಾಡೋದೇನಿದ್ರೂ ಇಂಜಿನ್ ಜೊತೆ. ನಾನು ಏನು ಮಾಡಿ ಹಾಕಿದ್ರೂ ತಟ್ಟೆ ಖಾಲಿ, ಬಾಯಿ ಮುಚ್ಚಿ." ಸುಲಿಯುವುದರಿಂದ ಹೆಚ್ಚುವುದಕ್ಕೆ, ಅಲ್ಲಿಂದ ಒಲೆಗೆ ಬಡ್ತಿ ಸಿಕ್ಕಿತು. ಅಂದಿನಿಂದ ಮೂಗಿಗೆ ಕವಡೆ ಕಟ್ಟಿಕೊಂಡು ದುಡಿಯುತ್ತಿದ್ದಾರೆ.

ಇಷ್ಟರ ನಡುವೆ ಅಕ್ಕನಿಗಿದ್ದ ಒಂದೇ ಮೋಜು ಇಬ್ಬರು ಗೆಳತಿಯರ ಜೊತೆಗಿನ ಊಟ. ಒಬ್ಬರು ಎದುರು ಬೀದಿಯ ದರ್ಜಿ. ಇನ್ನೊಬ್ಬರು ಡಿಪೋದಲ್ಲೇ ಕಂಡಕ್ಟರ್, ಎಲ್ಲರ ಬಾಯಲ್ಲೂ "ಸೀಟಿ". ಒಂದು ತಿಂಗಳು ಅಕ್ಕನ ಮನೆಯಲ್ಲಿ ಊಟ, ಮರು ತಿಂಗಳು ಹೊರಗೆ ಯಾವುದಾದರೂ ಹೊಸ ಜಾಗದಲ್ಲಿ. ಮನೆಯಲ್ಲಿ ಅಕ್ಕನ ಕೈರುಚಿಗೆ ಇಬ್ಬರೂ ಬೆರಳು ನೆಕ್ಕುವುದು, ಹೊರಗೆ ಹೋದರೆ ಮೂವರೂ ಸೇರಿ ಅಲ್ಲಿನ ಅಡುಗೆಯವರ ಜನ್ಮ ಜಾಲಾಡುವುದು. ಮುಚ್ಚಳ ತೆಗೆಯುವ ಮೊದಲೇ ಒಳಗೇನಿದೆ ಎಂದು ಅಕ್ಕ ಹೇಳಿಬಿಡುತ್ತಿದ್ದರಂತೆ. "ಆಗ ಇವಳ ಜಂಬ ನೋಡ್ಬೇಕಿತ್ತು," ಎಂದು ದರ್ಜಿ ಈಗಲೂ ಮೂಗು ಮುರಿಯುತ್ತಾರೆ.

ಎರಡು ವರ್ಷದ ಹಿಂದೆ ಒಂದು ಜ್ವರ ಬಂತು. ಜ್ವರವೇನೋ ಬಿಟ್ಟಿತು, ಹೋಗುವಾಗ ವಾಸನೆಯನ್ನು ಕಟ್ಟಿಕೊಂಡು ಹೋಯಿತು. ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅಕ್ಕ ಯಾರಿಗೂ ಹೇಳಲಿಲ್ಲ. ಮೂಗಿಲ್ಲದವಳನ್ನು ಒಲೆಯ ಮುಂದೆ ಯಾರು ನಿಲ್ಲಿಸುತ್ತಾರೆ ಎಂಬ ಹೆದರಿಕೆ. ಗೆಳತಿಯರು ಊಟಕ್ಕೆ ಕರೆದರೆ ತಲೆನೋವು, ಮನೆಗೆ ಬರುತ್ತೇವೆಂದರೆ ನೆಂಟರು. "ಊಟ ಅಂದ್ರೆ ಗೋಡೆ ಅಗಿದ ಹಾಗೆ ಅನ್ಸೋದು. ಅವರಿಬ್ಬರೂ ಎದುರಿಗೆ ಆಹಾ ಓಹೋ ಅಂತಿದ್ರೆ ನಾನೇನು ಮಾಡ್ಲಿ? ಎದ್ದು ಹೋಗಿ ಅಳೋದಾ?" ದರ್ಜಿಗೆ ಕೋಪವೇ ಬಂತು. ನಮ್ಮ ಸಹವಾಸ ಸಾಕಾಗಿರಬೇಕು ಅವಳಿಗೆ ಎಂದು ಮಾತು ಬಿಟ್ಟರು.

ಗುಟ್ಟು ರಟ್ಟಾಗಿದ್ದು ಬೀನ್ಸಿನಿಂದ. ಕ್ಯಾಂಟೀನಿನಲ್ಲಿ ಮಸಾಲೆ ಡಬ್ಬಿಗಳಿಗೆ ಚೀಟಿ ಅಂಟಿಸುವ ಪದ್ಧತಿಯೇ ಇಲ್ಲ. ಡಬ್ಬಿಯ ಜಾಗ ಎಲ್ಲರಿಗೂ ಗೊತ್ತು, ಅನುಮಾನ ಬಂದರೆ ಮುಚ್ಚಳ ತೆಗೆದು ಮೂಸಿದರಾಯಿತು. ಒಂದು ದಿನ ಯಾರೋ ಕಪಾಟು ಒರೆಸಿ ಡಬ್ಬಿಗಳನ್ನು ಅದಲು ಬದಲು ಇಟ್ಟಿದ್ದರು. ಜೀರಿಗೆ ಪುಡಿ ಎಂದುಕೊಂಡು ಅಕ್ಕ ಎರಡು ಹಿಡಿ ದಾಲ್ಚಿನ್ನಿ ಪುಡಿಯನ್ನು ಬೇಯಿಸಿದ ಬೀನ್ಸಿಗೆ ಹಾಕಿ ತಿರುವಿದರು. ರುಚಿ ನೋಡಿದರೆ ಉಪ್ಪು ಸರಿಯಾಗಿತ್ತು. ಬಡಿಸಿಯೇಬಿಟ್ಟರು.

ಊಟದ ಹಾಲ್ ಎರಡು ಪಂಗಡವಾಯಿತು. ಅರ್ಧ ಜನ ಮುಖ ಸಿಂಡರಿಸಿದರು, ಉಳಿದರ್ಧ ಜನ ಎರಡನೇ ಸಲ ಹಾಕಿಸಿಕೊಂಡರು. ಆ ಬೀನ್ಸ್ ಮತ್ತೆ ಯಾವಾಗ ಎಂದು ಕೇಳುವ ಡ್ರೈವರ್‌ಗಳು ಇವತ್ತಿಗೂ ಇದ್ದಾರೆ. ಸೀಟಿ ಮಾತ್ರ ಮೊದಲ ತುತ್ತಿಗೇ ತಟ್ಟೆ ಹಿಡಿದು ಅಡುಗೆಮನೆಗೆ ನುಗ್ಗಿದರು.

"ಏನೇ ಇದು? ಬೀನ್ಸಿಗೆ ಮದುವೆ ಮಾಡ್ತಿದ್ದೀಯಾ? ಪಲಾವಿನ ಘಮ ಬರ್ತಿದೆ!"

"ಯಾಕೆ, ಚೆನ್ನಾಗಿಲ್ವಾ?"

ಸೀಟಿ ಒಂದು ಕ್ಷಣ ಅಕ್ಕನ ಮುಖವನ್ನೇ ನೋಡಿದರು. ಆಮೇಲೆ ಕಪಾಟಿನಿಂದ ಎರಡು ಡಬ್ಬಿ ತಂದು, ಮುಚ್ಚಳ ತೆಗೆದು, ಅಕ್ಕನ ಮೂಗಿನ ಕೆಳಗೆ ಹಿಡಿದರು. "ಯಾವ್ದು ಯಾವ್ದು ಹೇಳು." ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದರು. ಅವತ್ತು ಸಂಜೆಯೇ ಸೀಟಿ ದರ್ಜಿಯನ್ನು ಎಳೆದುಕೊಂಡು ಅಕ್ಕನ ಮನೆಗೆ ಹೋದರು. ದರ್ಜಿ ಬಾಗಿಲಲ್ಲೇ ಶುರು ಮಾಡಿದರಂತೆ: "ಮೂಗು ಹೋಯ್ತು ಅಂತ ನಮ್ಮನ್ನೂ ಬಿಟ್ಟುಬಿಡೋದೇನೇ, ದರಿದ್ರದವಳೇ!" ಬೈಯುತ್ತ ಬೈಯುತ್ತ ಅವರೂ ಅತ್ತರು.

ತಿಂಗಳ ಊಟ ಮತ್ತೆ ಶುರುವಾಯಿತು, ಒಂದು ಹೊಸ ಕಟ್ಟಳೆಯೊಂದಿಗೆ. ಅಕ್ಕನಿಗೆ ಸಿಗದ ರುಚಿಯನ್ನು ಉಳಿದಿಬ್ಬರು ಮಾತಿನಲ್ಲಿ ಬಡಿಸಬೇಕು. "ಚೆನ್ನಾಗಿದೆ" ಎಂಬ ಪದ ಮಾತ್ರ ನಿಷಿದ್ಧ. ಅದು ಯಾರ ಬಾಯಿಂದ ಬಿದ್ದರೂ ಅವರ ಪಾಲಿನ ಸಿಹಿ ಉಳಿದವರಿಗೆ. ಮೊದಮೊದಲು ದರ್ಜಿ ಸಾಲು ಸಾಲಾಗಿ ಸಿಹಿ ಕಳೆದುಕೊಂಡರು. ಈಗ ಪಳಗಿದ್ದಾರೆ. "ಈ ಸೂಪು ಇಸ್ತ್ರಿ ಪೆಟ್ಟಿಗೆ ಕೆಳಗಿನ ಹತ್ತಿ ಬಟ್ಟೆ ಕಣೇ. ಬಿಸಿಬಿಸಿ, ಮೆತ್ತಗೆ, ಒಳಗೆ ಏನೂ ಇಲ್ಲ." ಸೀಟಿಯದು ಬೇರೆಯೇ ಧಾಟಿ: "ಬೆಳ್ಳುಳ್ಳಿ ಹಿಂದಿನ ಬಾಗಿಲಲ್ಲಿ ಹತ್ತಿ ಮುಂದಿನ ಬಾಗಿಲಲ್ಲಿ ಇಳಿದುಹೋಯ್ತು. ಟಿಕೆಟ್ಟೇ ತಗೊಳ್ಳಿಲ್ಲ." ಅಕ್ಕ ಕಣ್ಣು ಮುಚ್ಚಿ ಅಗಿಯುತ್ತಾರೆ, ನಗುತ್ತಾರೆ. "ಅರ್ಧ ರುಚಿ ಬಂದ ಹಾಗೇ ಆಗುತ್ತೆ. ಸುಳ್ಳಲ್ಲ," ಎನ್ನುತ್ತಾರೆ.

ಆದರೆ ಕ್ಯಾಂಟೀನಿನಲ್ಲಿ ಗುಟ್ಟು ಗುಟ್ಟಾಗಿಯೇ ಇತ್ತು, ಒಂದು ಬೆಳಗಿನ ಜಾವದ ತನಕ. ಅಕ್ಕ ಬಾಗಿಲು ತೆಗೆದು ಒಳಗೆ ಬಂದು ಬೆಂಕಿಕಡ್ಡಿ ಕೈಗೆತ್ತಿಕೊಂಡಿದ್ದರು. ಹಿಂದೆಯೇ ಬಂದ ಪಾತ್ರೆ ತೊಳೆಯುವ ಚಿಕ್ಕಮ್ಮ ಬಾಗಿಲಿಂದಲೇ ಕಿರುಚಿದರು: "ಗೀರಬೇಡ! ಗ್ಯಾಸು!" ಒಲೆಯ ತಿರುಪು ರಾತ್ರಿಯಿಡೀ ಅರೆಬರೆ ತೆರೆದೇ ಇತ್ತು. ಕಡ್ಡಿ ಅಲ್ಲೇ ಬಿಸಾಕಿ ಅಕ್ಕ ಕಿಟಕಿಗಳನ್ನೆಲ್ಲ ತೆರೆದರು. "ನಾನೊಬ್ಬಳೇ ಹೋಗಿದ್ರೆ ಹೋಗ್ಲಿ. ಹಿಂದುಗಡೆ ಕೋಣೇಲಿ ರಾತ್ರಿ ಪಾಳಿಯವರು ಮಲಗಿದ್ರು. ನನ್ನ ಒಲೆ ಉಳಿಸ್ಕೊಳ್ಳೋಕೆ ಅವರನ್ನ ಸುಡ್ತಿದ್ನಲ್ಲ?"

ಯಾರೂ ಕೇಳುವ ಮೊದಲೇ ಅಕ್ಕ ಮ್ಯಾನೇಜರ್ ಮುಂದೆ ಹೋಗಿ ಎಲ್ಲವನ್ನೂ ಹೇಳಿದರು. ಮ್ಯಾನೇಜರ್ ಒಳ್ಳೆಯ ಮನುಷ್ಯರೇ, ಆದರೆ ಹೆದರಿದ್ದರು. ಅಕ್ಕ ಮತ್ತೆ ಆಲೂಗಡ್ಡೆಯ ಮುಂದೆ ಕೂತರು. ಒಲೆಗೆ ಬೇರೆಯವರು ಬಂದರು, ಅನ್ನ ಮುದ್ದೆಯಾಯಿತು, ಊಟದ ಹಾಲ್‌ನಲ್ಲಿ ಗೊಣಗಾಟ ಎದ್ದಿತು. ಕೊನೆಗೆ ಚಿಕ್ಕಮ್ಮನೇ ದಾರಿ ತೋರಿಸಿದರು. "ಅವಳ ಕೈ ಇರ್ಲಿ, ನನ್ನ ಮೂಗು ಇರ್ಲಿ. ಇಬ್ಬರೂ ಸೇರಿದ್ರೆ ಒಬ್ಬ ಅಡುಗೆಯವಳಾಗಲ್ವಾ ಸಾರ್?"

ಅಂದಿನಿಂದ ಬೆಳಿಗ್ಗೆ ಮೊದಲು ಒಳಗೆ ಕಾಲಿಡುವುದು ಚಿಕ್ಕಮ್ಮ. ಮೂಲೆ ಮೂಲೆ ಮೂಸಿ, ಒಲೆ ಹಚ್ಚಿ, "ಬಾ" ಎಂದ ಮೇಲೆಯೇ ಅಕ್ಕ ಹೊಸ್ತಿಲು ದಾಟಬೇಕು. ಹಾಲು ಒಡೆದಿದೆಯೋ, ಎಣ್ಣೆ ಕಮಟಾಗಿದೆಯೋ ಎಲ್ಲ ಚಿಕ್ಕಮ್ಮನ ತೀರ್ಪು. ಡಬ್ಬಿಗಳಿಗೆ ಈಗ ಚೀಟಿಯೂ ಬಂದಿದೆ. ಅಡುಗೆ ಸಾಗುತ್ತಿದೆ. ಆದರೂ ಅಕ್ಕನಿಗೆ ಒಲೆ ಸಿಕ್ಕಷ್ಟು ಸುಲಭವಾಗಿ ಊಟ ಸಿಕ್ಕಿಲ್ಲ. ಬೇರೆಯವರ ಹೊಟ್ಟೆ ತುಂಬಿಸುವ ಈ ಹೆಂಗಸು ತಾನು ಮತ್ತೆ ರುಚಿ ಕಂಡು ಉಣ್ಣುವೆನೋ ಇಲ್ಲವೋ ಎಂಬ ಪ್ರಶ್ನೆಯನ್ನು ದಿನಾ ಮಡಿಲಲ್ಲಿಟ್ಟುಕೊಂಡೇ ತಟ್ಟೆಯ ಮುಂದೆ ಕೂರುತ್ತಾರೆ.

ಕಳೆದ ವಾರ ಹೊರಗಿನ ಊಟದ ಸರದಿ. ಡಿಪೋ ಹಿಂದಿನ ಬೀದಿಯ ಪುಟ್ಟ ಹೋಟೆಲು, ಅಡುಗೆಮನೆ ಬಾಗಿಲ ಪಕ್ಕದ ಮೇಜು. ಊಟ ಮುಗಿದು, ಅಕ್ಕಿ ಪಾಯಸಕ್ಕೆ ಹೇಳಿಯಾಗಿದೆ. ಬಸ್ಸಿನಲ್ಲಿ ಕೋಳಿಗೆ ಅರ್ಧ ಟಿಕೆಟ್ ಕೇಳಿದ ಅಜ್ಜನ ಕಥೆಯನ್ನು ಸೀಟಿ ಅಭಿನಯಿಸಿ ತೋರಿಸುತ್ತಿದ್ದಾರೆ, ದರ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಅಕ್ಕ ಬೆರಳೆತ್ತುತ್ತಾರೆ.

"ಶ್!"

"ಏನು ಕೇಳಿಸ್ತೇ?" ಎನ್ನುತ್ತಾರೆ ದರ್ಜಿ.

"ಕೇಳಿಸಿದ್ದಲ್ಲ." ಅಕ್ಕನ ಮುಖ ಬಿಳಿಚಿಕೊಂಡಿದೆ. "ಏನೋ ಸೀಯ್ತಿದೆ."

ಇಬ್ಬರೂ ಮೂಗು ಎಳೆದು ನೋಡುತ್ತಾರೆ. ಏನೂ ಇಲ್ಲ. ದರ್ಜಿ ಮೆಲ್ಲಗೆ ಅಕ್ಕನ ಕೈ ಹಿಡಿದುಕೊಳ್ಳುತ್ತಾರೆ. "ಭ್ರಮೆ ಇರ್ಬೇಕು ಕಣೇ. ಆಸೆ ಇಟ್ಕೋಬೇಡ." ಅಕ್ಕ ಕೈ ಕೊಸರಿಕೊಂಡು ಎದ್ದು ಸೀದಾ ಅಡುಗೆಮನೆಗೆ ನುಗ್ಗುತ್ತಾರೆ. ಅಲ್ಲಿಯ ಅಡುಗೆಯವರು ಹಿತ್ತಲ ಬಾಗಿಲಲ್ಲಿ ಯಾರ ಜೊತೆಗೋ ಹರಟೆಯಲ್ಲಿದ್ದಾರೆ. ಅಕ್ಕ ಪಾಯಸದ ಪಾತ್ರೆಗೆ ಸೌಟು ಹಾಕಿ ತಳ ಕೆರೆಯುತ್ತಾರೆ. ಮೇಲೆದ್ದ ಸೌಟಿನ ಅಂಚಿನಲ್ಲಿ ಕಂದು ಚಕ್ಕೆ.

"ಸೀದಿದೆ!" ಅಕ್ಕನ ಕೂಗಿಗೆ ಇಡೀ ಹೋಟೆಲು ತಿರುಗಿ ನೋಡುತ್ತದೆ. "ಸೀಟೀ, ಸೀದಿದೆ ಕಣೇ! ನಿಜವಾಗ್ಲೂ ಸೀದಿದೆ!"

ಆ ಬಡಪಾಯಿ ಅಡುಗೆಯವರು ಓಡಿ ಬಂದು ತಪ್ಪಾಯ್ತಮ್ಮ, ಬೇರೆ ಮಾಡಿಕೊಡ್ತೀನಿ ಎಂದು ಕೈ ಮುಗಿಯುತ್ತಾರೆ. ಅಕ್ಕ ಅವರ ಎರಡೂ ಕೈ ಹಿಡಿದುಕೊಂಡು ಅಳುತ್ತ ನಗುತ್ತ, ಬೇಡ, ಇದನ್ನೇ ಕೊಡಿ, ತಳದ್ದನ್ನೇ ಕೊಡಿ ಎನ್ನುತ್ತಾರೆ. ಬಟ್ಟಲು ಮೇಜಿಗೆ ಬರುತ್ತದೆ. ಒಂದು ಚಮಚ ಬಾಯಿಗಿಟ್ಟ ಗೆಳತಿಯರಿಬ್ಬರ ಮುಖವೂ ಕಿವುಚಿಕೊಳ್ಳುತ್ತದೆ. ಅಕ್ಕ ಕಣ್ಣು ಮುಚ್ಚಿ, ನಿಧಾನವಾಗಿ, ಚಮಚ ನೆಕ್ಕಿ ನೆಕ್ಕಿ ತಿನ್ನುತ್ತಾರೆ.

"ಹೇಗಿದೆ, ಹೇಳು. ಇವತ್ತು ನಿನ್ನ ಸರದಿ," ಎನ್ನುತ್ತಾರೆ ಸೀಟಿ.

"ಚೆನ್ನಾಗಿದೆ."

ಕಟ್ಟಳೆ ಎಂದರೆ ಕಟ್ಟಳೆ. ದರ್ಜಿ ಬಟ್ಟಲಿಗೆ ಕೈ ಹಾಕುತ್ತಾರೆ. ಅಕ್ಕ ಅದನ್ನು ಎದೆಗವಚಿಕೊಂಡು ಕೊಡುವುದಿಲ್ಲ.

ಮರುದಿನ ಬೆಳಗಿನ ಜಾವ ಕ್ಯಾಂಟೀನಿಗೆ ಮೊದಲು ಕಾಲಿಡುವುದು ಚಿಕ್ಕಮ್ಮನೇ. ಒಂದು ವಾಸನೆ ಬಂದ ಮಾತ್ರಕ್ಕೆ ಮೂಗು ಬಂತೆನ್ನಲಾಗದು. ಗ್ಯಾಸು ಇನ್ನೂ ತಿಳಿಯುವುದಿಲ್ಲ, ಬೆಳ್ಳುಳ್ಳಿಯೂ ಇಲ್ಲ, ಜೀರಿಗೆ, ದಾಲ್ಚಿನ್ನಿ ಡಬ್ಬಿಗಳೆರಡೂ ಇನ್ನೂ ಒಂದೇ. ಅಕ್ಕ ಹೊಸ್ತಿಲಾಚೆ ತಣ್ಣನೆಯ ಗಾಳಿಯಲ್ಲಿ ಕಾಯುತ್ತಾರೆ. "ಬಾ" ಎಂಬ ಕರೆ ಬರುತ್ತದೆ. ಬಾಣಲೆಗೆ ಎಣ್ಣೆ, ಎಣ್ಣೆಗೆ ಈರುಳ್ಳಿ. ಬೆರಳು ಮೇಲೇಳುತ್ತದೆ, ಅಡುಗೆಮನೆ ಸುಮ್ಮನಾಗುತ್ತದೆ. ಈ ಸಲ ಅಕ್ಕ ಕಿವಿಯ ಜೊತೆಗೆ ಮೂಗನ್ನೂ ಒಂಚೂರು ಮುಂದಕ್ಕೆ ಚಾಚಿದ್ದಾರೆ.

ಏನಾದರೂ ಬಂತೇ?

"ಇಲ್ಲ," ಎನ್ನುತ್ತ ಅಕ್ಕ ಉರಿ ತಗ್ಗಿಸುತ್ತಾರೆ. "ಸೀದಿದ್ದು ಬಂತಲ್ಲ, ಸಾಕು. ಇನ್ನು ಸೀಯೋಕೆ ಮುಂಚಿನದು ಬರ್ಬೇಕು. ಅಷ್ಟೇ."